ಕೋರಸ್ಸಿನ ಆರನೆಯ ದನಿ

ಹತ್ತಿಯಕ್ಕನಿಗೆ ಆ ಹೆಸರು ಬಿದ್ದದ್ದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ. ಹಾಡುಗಳ ಹಿಂದೆ ಕೋರಸ್ ಹಾಡಲು ಹುಡುಗಿಯರನ್ನು ಆರಿಸುತ್ತಿದ್ದ ಸಂಗೀತದ ಮೇಷ್ಟ್ರು ಅವಳಿಂದ ಎರಡು ಸಾಲು ಹಾಡಿಸಿ, “ನಿನ್ನ ಗಂಟಲು ಹತ್ತಿ ಇದ್ದಂಗಿದೆ ಕಣಮ್ಮ. ಎಲ್ಲಿ ಸಂದಿ ಇದ್ರೂ ತುರುಕಬಹುದು” ಎಂದಿದ್ದರು. ಅದು ಹೊಗಳಿಕೆಯೋ ತೆಗಳಿಕೆಯೋ ಎಂದು ತಲೆ ಕೆಡಿಸಿಕೊಳ್ಳುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಕೆಲಸ ಸಿಕ್ಕಿತ್ತು, ಹೆಸರೂ ಅಂಟಿಕೊಂಡಿತು. ಅರ್ಧ ಆಯುಷ್ಯ ಕಿಟಕಿಯಿಲ್ಲದ ಆ ಕೋಣೆಯಲ್ಲೇ ಕಳೆಯಿತು.

ಕೋರಸ್ಸಿನಲ್ಲಿ ಚೆನ್ನಾಗಿ ಹಾಡುವುದೆಂದರೆ ಕೇಳಿಸದಂತೆ ಹಾಡುವುದು. ಆರು ಜನ ಹೆಂಗಸರು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಮೈಕುಗಳ ಎದುರು ನಿಲ್ಲಬೇಕು, ಆರು ಗಂಟಲು ಸೇರಿ ಒಂದೇ ಗಂಟಲಾಗಬೇಕು. ಯಾರದಾದರೂ ಒಂದು ಎಳೆ ಮೇಲೆದ್ದಿತೋ, ಗಾಜಿನ ಆಚೆಯಿಂದ ಮೇಷ್ಟ್ರು ಸಿಡಿಯುತ್ತಿದ್ದರು: “ಯಾರದು ಮುಂದೆ ಬರ್ತಿರೋದು? ಒಂದು ಹೆಜ್ಜೆ ಹಿಂದೆ!” ಹತ್ತಿಯಕ್ಕನ ಜಾಗ ಸಾಲಿನ ಎಡತುದಿ. ಪಕ್ಕದವರ ದನಿಗೆ ಕಿವಿಗೊಟ್ಟು, ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಹಾಡುವುದು ಅವಳಿಗೆ ಕರಗತವಾಗಿತ್ತು. ಹಾಗಾಗಿ ಉಳಿದ ಐವರ ಗಂಟಲು ಹೇಗೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಬಿಡುತ್ತಿದ್ದಳು. ತನ್ನದು ಹೇಗೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಮಗಳು ಚಿಕ್ಕವಳಿದ್ದಾಗ ರೇಡಿಯೋಕ್ಕೆ ಕಿವಿ ಹಚ್ಚಿ, “ಇದ್ರಲ್ಲಿ ನೀನು ಯಾವುದಮ್ಮ?” ಎಂದು ಪೀಡಿಸುತ್ತಿದ್ದಳು. “ಎಲ್ಲಾ ನಾನೇ” ಎಂದು ತಾಯಿ ತೇಲಿಸಿಬಿಡುತ್ತಿದ್ದಳು. ಗಂಡ ಪೇಪರಿನ ಹಿಂದಿನಿಂದ, “ಬರೀ ಬಾಯಿ ಆಡಿಸಿ ಬಂದ್ಯೋ ಏನೋ, ಯಾರು ನೋಡಿದ್ರು?” ಎಂದು ನಗುತ್ತಿದ್ದ. ತಮಾಷೆಗೆ ಅಂದದ್ದೇ. ಆ ಪುಣ್ಯಾತ್ಮ ಹೋಗಿ ಎಷ್ಟೋ ಕಾಲವಾಯಿತು, ಮಾತು ಮಾತ್ರ ಮುಳ್ಳಿನ ಮೊನೆಯ ಹಾಗೆ ಒಳಗೇ ಉಳಿದುಕೊಂಡಿತು. ಆಮೇಲೆ ಗಂಟಲಲ್ಲೊಂದು ಗಂಟು ಬೆಳೆದು ಆಪರೇಷನ್ ಆಯಿತು. ಮಾತಾಡಲು ದನಿ ಉಳಿಯಿತು, ಹಾಡಲು ಉಳಿಯಲಿಲ್ಲ. ಇನ್ನು ಅವಳ ಹಾಡು ಎಲ್ಲಾದರೂ ಇದ್ದರೆ ಆ ಹಳೆಯ ರೆಕಾರ್ಡುಗಳೊಳಗೇ ಇರಬೇಕು. ಮನೆಗೆ ಬಂದ ರೆಕಾರ್ಡ್ ಪ್ಲೇಯರು, ಮ್ಯೂಸಿಕ್ ಸೆಟ್ಟು ಎಲ್ಲದರಲ್ಲೂ ಅವನ್ನು ಹಾಕಿ ಕೇಳಿದ್ದಳು. ಕೋರಸ್ ಬರುವ ಜಾಗದಲ್ಲಿ ಎಲ್ಲೋ ದೂರದಲ್ಲಿ ಗುಂಪಾಗಿ “ಆ…” ಎಂದಷ್ಟೇ ಕೇಳುತ್ತಿತ್ತು. ಸಾಯುವ ಮೊದಲು ತನ್ನ ದನಿಯನ್ನು ಒಂದೇ ಒಂದು ಸಲ ಬೇರೆಯಾಗಿ ಕೇಳಬೇಕು ಎಂಬುದು ಅವಳ ಆಸೆ. ಅಷ್ಟು ಬಿಡಿಸಿ ಕೇಳಿಸುವ ಸ್ಪೀಕರು ಸಿಕ್ಕರೆ ಎಷ್ಟಾದರೂ ಆಗಲಿ, ಕೊಂಡೇ ಕೊಳ್ಳುವುದೆಂದು ತೀರ್ಮಾನಿಸಿಬಿಟ್ಟಿದ್ದಳು.

ಮಗಳು ಈಗ ಹಲ್ಲಿನ ಡಾಕ್ಟರು. ಅಮ್ಮನ ಹಟಕ್ಕೆ ಮಧ್ಯಾಹ್ನದ ಪೇಷೆಂಟುಗಳನ್ನು ಮುಂದೂಡಿ, ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ದಾರಿಯುದ್ದಕ್ಕೂ ಗೊಣಗಾಟ.

“ಆ ದುಡ್ಡಲ್ಲಿ ಇಡೀ ಅಡುಗೆಮನೆ ಹೊಸದು ಮಾಡಿಸಬಹುದು.”

“ಅಡುಗೆಮನೆ ಹಾಡುತ್ತಾ?” ಎಂದಳು ಹತ್ತಿಯಕ್ಕ, ತೊಡೆಯ ಮೇಲಿದ್ದ ತನ್ನ ಕೋರಸ್ಸಿನ ಎಲ್‌ಪಿ ರೆಕಾರ್ಡನ್ನು ಬಿಸಿಲಿಗೆ ಬಾಗದಂತೆ ಸೆರಗಿನಿಂದ ಮುಚ್ಚುತ್ತ.

ಸ್ಪೀಕರಿನ ಅಂಗಡಿ ಎರಡನೇ ಮಹಡಿಯಲ್ಲಿತ್ತು. ಒಳಗೆ ದಪ್ಪ ಜಮಖಾನ, ಗೋಡೆಯ ತುಂಬ ದಪ್ಪ ಪರದೆ, ನಟ್ಟನಡುವೆ ಒಂದೇ ಒಂದು ಕುರ್ಚಿ. ಅಂಗಡಿಯವರು ಚಪ್ಪಲಿ ಹೊರಗೆ ಬಿಡಿಸಿದರು, ಫೋನ್ ಆಫ್ ಮಾಡಿಸಿದರು, ಕುರ್ಚಿಯನ್ನು ಅಂಗುಲ ಹಿಂದೆ ಅಂಗುಲ ಮುಂದೆ ಸರಿಸಿ ಅವಳನ್ನು ಕೂರಿಸಿದರು. ಮಗಳಿಗೆ ಗೋಡೆ ಪಕ್ಕದ ಸ್ಟೂಲು. ಅವಳ ಕ್ಲಿನಿಕ್ಕಿನಲ್ಲಿ ಕುರ್ಚಿ ಏರಿಸಿ ಇಳಿಸುವವಳು ಅವಳೇ ಆದ್ದರಿಂದ ಈ ಸಡಗರ ನೋಡಿ ಅವಳಿಗೆ ನಗು ಬಂತು, ತಡೆದುಕೊಂಡಳು.

ಅಂಗಡಿಯವರು ಮೊದಲು ತಮ್ಮದೇ ಒಂದು ರೆಕಾರ್ಡು ಹಾಕಿದರು. ಗಾಜು ಒಡೆಯಿತು, ಮಳೆ ಸುರಿಯಿತು, ಎಡಗಡೆಯಿಂದ ಬಂದ ರೈಲು ಬಲಗಡೆ ಗೋಡೆಯೊಳಗೆ ನುಗ್ಗಿ ಹೋಯಿತು.

“ಹೇಗಿದೆ ಮೇಡಂ?” ಅವರ ಮುಖ ಊರಗಲವಾಗಿತ್ತು.

“ರೈಲು ಚೆನ್ನಾಗಿದೆ. ನಂಗೆ ರೈಲು ಬೇಡ. ಇದು ಹಾಕಿ” ಎಂದು ಹತ್ತಿಯಕ್ಕ ಎಲ್‌ಪಿ ಕೊಟ್ಟಳು.

ಮೊದಲ ಜೋಡಿ ಸ್ಪೀಕರು ಚಿಕ್ಕದು, ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದು. ಅದರಲ್ಲಿ ಮುಖ್ಯ ಗಾಯಕಿ ಜೇನಿನ ಹಾಗೆ ಹಾಡಿದಳು, ಕೋರಸ್ಸು ಮಾತ್ರ ಹಿಂದೆ ಹೊಗೆಯಂತೆ ನಿಂತಿತು. ಎರಡನೆಯದು ಬೀರುವಿನಷ್ಟು ದಪ್ಪ. ಡೋಲು ಬಾರಿಸಿದಾಗಲೆಲ್ಲ ಕೂತ ಕುರ್ಚಿಯೇ ಗುದ್ದಿದಂತಾಗುತ್ತಿತ್ತು. ಮಗಳು ಕಾಲು ಕುಣಿಸಿ, “ಇದು ಸೂಪರ್ ಅಮ್ಮ, ಇದೇ ತಗೊಂಡು ಮನೆಗೆ ಹೋಗೋಣ” ಎಂದಳು. ಹತ್ತಿಯಕ್ಕ ಮೂಗು ಮುರಿದಳು. ಆ ಡೋಲಿನವನು ಸ್ಟುಡಿಯೋದಲ್ಲೂ ಹೀಗೇ ಎಲ್ಲರ ತಲೆ ಮೇಲೆ ಕೂರುತ್ತಿದ್ದ, ಈಗ ಮನೆಗೂ ಕರೆದುಕೊಂಡು ಹೋಗುವುದೇ?

ಅಂಗಡಿಯವರು ಸೂಜಿ ಎತ್ತಿದರು. “ನೀವು ಏನು ಹುಡುಕ್ತಿದೀರಿ ಅಂತ ಹೇಳಿದ್ರೆ ನಂಗೂ ಸುಲಭ.”

“ಕೋರಸ್ಸಲ್ಲಿ ಆರು ಜನ ಇದಾರೆ. ಆರೂ ಜನ ಬೇರೆಬೇರೆ ಕೇಳ್ಬೇಕು.”

ಅವರು ತಲೆದೂಗಿ, ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿದ್ದ ಮೂರನೇ ಜೋಡಿಯನ್ನು ತೆರೆದರು. ಎದೆಯೆತ್ತರ, ಕಿರಿದಾದ ಮೈ, ನೋಡಲು ಅಂಥ ವಿಶೇಷವೇನಿಲ್ಲ. ತಂತಿ ಬದಲಾಯಿಸಿ, ಸೂಜಿಯನ್ನು ಮೆಲ್ಲಗೆ ಇಳಿಸಿದರು.

ಪಿಟೀಲುಗಳು ಎದ್ದವು. ಗಾಯಕಿ ಪಲ್ಲವಿ ಮುಗಿಸಿ ಉಸಿರೆಳೆದುಕೊಂಡದ್ದೂ ಕೇಳಿಸಿತು. ಆಮೇಲೆ ಕೋರಸ್ಸು. ಹತ್ತಿಯಕ್ಕ ಮೈಯೆಲ್ಲ ಕಿವಿಯಾದಳು. ಇಷ್ಟು ದಿನ ಮುದ್ದೆಯಾಗಿದ್ದದ್ದು ಬಿಡಿಬಿಡಿಯಾಗಿತ್ತು, ಎರಡು ಸ್ಪೀಕರ್ ಪೆಟ್ಟಿಗೆಗಳ ನಡುವೆ ಖಾಲಿ ಜಾಗದಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು. ಎಡತುದಿಯಲ್ಲಿ ದಪ್ಪ ಗಂಟಲು. “ದೊಡ್ಡಮ್ಮ!” ಎಂದಳು. ಕೋರಸ್ಸಿನಲ್ಲಿ ಎಲ್ಲರಿಗಿಂತ ಹಿರಿಯಳಿಗೆ ಅವರೆಲ್ಲ ಇಟ್ಟ ಹೆಸರು. ಅವಳ ಪಕ್ಕ ಒಟ್ಟಿಗೇ ಉಸಿರು ಬಿಡುವ ಅಕ್ಕತಂಗಿಯರಿಬ್ಬರು. ಅದರಾಚೆ ಮೇಲಿನ ಸ್ವರಕ್ಕೆ ಹೋದಾಗ ಗಂಟೆಯ ಹಾಗೆ ಕೊಂಚ ಕಂಪಿಸುವ ದನಿ, ಅವಳನ್ನು ಗಂಟೆ ಎಂದೇ ಕರೆಯುತ್ತಿದ್ದರು. ಆಮೇಲೆ ಪುಟ್ಟಿ. ಸಾಲು ಮುಗಿಯುವ ಮೊದಲೇ ಆತುರಪಟ್ಟು ನಿಲ್ಲಿಸಿಬಿಡುವ ಪುಟ್ಟಿ, ಚಿಕ್ಕ ವಯಸ್ಸಿನಲ್ಲೇ ತೀರಿಹೋದವಳು, ಇಲ್ಲಿ ಇನ್ನೂ ಆತುರದಲ್ಲೇ ಇದ್ದಳು. ಹತ್ತಿಯಕ್ಕನ ಕಣ್ಣು ತುಂಬಿ ಬಂತು.

ಪುಟ್ಟಿಯ ಆಚೆ, ಬಲಗಡೆಯ ಕೊನೆಯಲ್ಲಿ, ಇನ್ನೊಬ್ಬಳಿದ್ದಳು. ತೆಳ್ಳಗಿನ ನೇರ ದನಿ, ಸ್ವಲ್ಪ ಹಟಮಾರಿ. ಹತ್ತಿಯಕ್ಕ ಹುಬ್ಬು ಗಂಟಿಕ್ಕಿದಳು.

“ಈ ಕೊನೆಯವಳು ಯಾರು? ಯಾರೋ ಹೊಸಬಳು. ಗಂಟಲು ಚೆನ್ನಾಗಿದೆ, ಆದ್ರೆ ಮುಂದೆ ಮುಂದೆ ಬರ್ತಾಳೆ. ಮೇಷ್ಟ್ರು ಹೇಗೆ ಸುಮ್ಮನಿದ್ರೋ! ಒಂದು ಹೆಜ್ಜೆ ಹಿಂದೆ ಕಳಿಸಬೇಕಿತ್ತು ಇವಳನ್ನ.”

ಹೇಳಿದ ಮೇಲೆ ಲೆಕ್ಕ ಹಾಕಿದಳು. ದೊಡ್ಡಮ್ಮ, ಅಕ್ಕತಂಗಿಯರು, ಗಂಟೆ, ಪುಟ್ಟಿ, ಜೊತೆಗೆ ಈ ಹೊಸಬಳು. ಅಲ್ಲಿಗೆ ಆರು ಮುಗಿಯಿತು. ತಾನು ನಿಲ್ಲುತ್ತಿದ್ದ ಎಡತುದಿಯಲ್ಲಿ ದೊಡ್ಡಮ್ಮ ನಿಂತಿದ್ದಳು. ಅವತ್ತು ತನಗೆ ನೆಗಡಿಯಾಗಿ ಬೇರೆಯವಳನ್ನು ಕರೆಸಿದ್ದರೇ? ಇಷ್ಟು ವರ್ಷ ಜೋಪಾನ ಮಾಡಿದ ರೆಕಾರ್ಡಿನಲ್ಲಿ ತಾನು ಇರಲೇ ಇಲ್ಲವೇ? ಗಂಡನ ನಗು ಮತ್ತೆ ಕಿವಿಯಲ್ಲಿ ಕೇಳಿದಂತಾಯಿತು.

“ಇದ್ರಲ್ಲಿ ನಾನಿಲ್ಲ ಕಣೆ” ಎಂದಳು. “ನಿಲ್ಸಕ್ಕೆ ಹೇಳು. ಹೋಗೋಣ.”

ಮಗಳು ಸ್ಟೂಲಿನಿಂದ ಎದ್ದು ನಿಂತಿದ್ದಳು. ಅವಳ ಮುಖ ನೋಡಿ ಹತ್ತಿಯಕ್ಕನಿಗೆ ಗಾಬರಿಯಾಯಿತು.

“ಅಮ್ಮ, ಆ ಕೊನೆಯವಳು ನೀನೇ.”

“ಹುಚ್ಚಿ. ನನ್ನ ದನಿ ನಂಗೆ ಗೊತ್ತಾಗಲ್ವಾ?”

“ನಿಂಗೆ ಹೇಗೆ ಗೊತ್ತಾಗುತ್ತೆ? ಜಡೆ ಹಾಕೋವಾಗೆಲ್ಲ ನನ್ನ ಬೆನ್ನ ಹಿಂದೆ ನಿಂತು ಹಾಡ್ತಿದ್ದೆ. ಸ್ಕೂಲು ಮುಗಿಯೋವರೆಗೂ ದಿನಾ ಕೇಳಿದೀನಿ ನಾನು. ಇದೇ ದನಿ.”

“ನಾನು ಎಡತುದಿಲಿ ನಿಲ್ತಿದ್ದೆ ಕಣೆ.”

ಅಂಗಡಿಯವರು ಮೆಲ್ಲಗೆ ಕೆಮ್ಮಿದರು. “ಮೇಡಂ, ನೀವು ಮೈಕಿನ ಕಡೆ ಮುಖ ಮಾಡಿ ನಿಂತಿದ್ರಲ್ವಾ? ನಿಮ್ಮ ಎಡಗಡೆ ಅಂದ್ರೆ, ಎದುರಿಗೆ ಕೂತು ಕೇಳೋರಿಗೆ ಬಲಗಡೆ.”

ಹತ್ತಿಯಕ್ಕ ತನ್ನ ಎಡಗೈಯನ್ನೊಮ್ಮೆ, ಬಲಗಡೆಯ ಪೆಟ್ಟಿಗೆಯನ್ನೊಮ್ಮೆ ನೋಡಿದಳು. ಒಂದು ದಿನವೂ ಅವಳು ಆ ಸಾಲನ್ನು ಎದುರಿನಿಂದ ನೋಡಿರಲಿಲ್ಲ.

ಯಾರೂ ಹೇಳದೆಯೇ ಅಂಗಡಿಯವರು ಸೂಜಿಯನ್ನು ಮತ್ತೆ ಮೊದಲಿಗೆ ತಂದಿಟ್ಟರು. ಈ ಸಲ ಅವಳು ಬಲಗಡೆಗೆ ಮಾತ್ರ ಕಿವಿಯಿಟ್ಟಳು. ಅಲ್ಲಿ ಹುಡುಗಿಯೊಬ್ಬಳು ಯಾರಿಗೂ ಹೆದರದೆ ಹಾಡುತ್ತಿದ್ದಳು. ಅದನ್ನು ಕೇಳಿ ಹತ್ತಿಯಕ್ಕನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಸಂಕಟವಾಯಿತು. ಇಷ್ಟು ವರ್ಷ ಹುಡುಕಿದ್ದು ಇವಳನ್ನೇ. ಸಿಕ್ಕ ಕೂಡಲೇ ಬಾಯಿಂದ ಬಂದ ಮೊದಲ ಮಾತು, ಹಿಂದೆ ಹೋಗು ಎಂದು. ಮೇಷ್ಟ್ರು ತೀರಿಕೊಂಡು ಯಾವ ಕಾಲವಾಯಿತು, ಅವರ ಕೆಲಸವನ್ನು ಈಗ ನಾನೇ ಮಾಡುತ್ತಿದ್ದೇನಲ್ಲ ಎನಿಸಿತು. ಮಗಳು ಬಂದು ಜಮಖಾನದ ಮೇಲೆ ಅವಳ ಮೊಣಕಾಲಿಗೊರಗಿ ಕೂತು ಹಾಡನ್ನು ಕೊನೆಯವರೆಗೂ ಕೇಳಿದಳು.

“ಈ ಜೋಡಿ ಸ್ವಲ್ಪ ನೇರ ಮಾತಿನದು ಮೇಡಂ” ಎಂದರು ಅಂಗಡಿಯವರು. ಎಷ್ಟಾದರೂ ಗಿರಾಕಿಯ ದೂರು ನೆನಪಿಟ್ಟುಕೊಳ್ಳುವವರು. “ಆ ಕೊನೆಯ ದನಿ ಮುಂದೆ ಬರುತ್ತೆ ಅಂದ್ರಲ್ಲ. ಬಲಗಡೆ ಪೆಟ್ಟಿಗೆನ ಇಷ್ಟೇ ಇಷ್ಟು ಹೊರಗೆ ತಿರುಗಿಸಿದ್ರೆ ಸಾಕು, ಅದು ಹಿಂದೆ ಹೋಗಿ ಎಲ್ಲರ ಜೊತೆ ಸೇರ್ಕೊಳುತ್ತೆ. ಮಾಡ್ಲಾ?”

ಅವರ ಕೈ ಆಗಲೇ ಪೆಟ್ಟಿಗೆಯ ಮೇಲಿತ್ತು.

“ಮುಟ್ಟಬೇಡಿ” ಎಂದಳು ಹತ್ತಿಯಕ್ಕ. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ಮಗಳೂ ಕೇಳಿರಲಿಲ್ಲ. “ಅವಳು ಅಲ್ಲೇ ಇರ್ಲಿ. ಇದೇ ಜೋಡಿ ಕೊಡಿ.”