ಕಣ್ಣು ಕೇಳುವುದು

ಇನ್ನೊಬ್ಬರ ಗೊಂಬೆ ನೋಡಿ ಗೊಂಬೆ ಮಾಡಿದರೆ ಅದಕ್ಕೆ ನಾವೇ ಕಣ್ಣು ಬರೆಯಬಾರದು. ಗದಗಿನ ನಮ್ಮ ಓಣಿಯ ಹೆಂಗಸರು ಇದನ್ನು ಮಡಿಯಷ್ಟೇ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. ಬಣ್ಣವೆಲ್ಲ ಹಚ್ಚಿ, ಸೀರೆಯ ದಡಿ ಎಳೆದು, ಮೂಗುತಿಯ ಚುಕ್ಕೆ ಇಟ್ಟು, ಕಣ್ಣಿನ ಜಾಗ ಮಾತ್ರ ಖಾಲಿ ಬಿಟ್ಟು, ಯಾರ ಗೊಂಬೆ ನೋಡಿ ಮಾಡಿದ್ದೋ ಅವರ ಮನೆಗೆ ಒಯ್ಯಬೇಕು. ಜೊತೆಗೊಂದು ಕುಬಸದ ಖಣ, ಒಂದು ತೆಂಗಿನಕಾಯಿ. ಅವರು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಮನಸ್ಸಿಗೆ ಬಂದರೆ ತಮ್ಮ ಕುಂಚದಿಂದ ಎರಡು ಕಣ್ಣು ಬರೆದುಕೊಡುತ್ತಿದ್ದರು. ಇದಕ್ಕೆ ಕಣ್ಣು ಕೇಳುವುದು ಎಂದು ಹೆಸರು. ಆಮೇಲೆ ಗೊಂಬೆ ನಿಮ್ಮದು. ಯಾರಾದರೂ ಹೊಗಳಿದರೆ ಮಾತ್ರ ‘ಕಣ್ಣು ಇಂಥವರ ಮನಿದು’ ಎಂದು ಹೇಳಲೇಬೇಕು. ಹೀಗೆ ಒಮ್ಮೆ ಕಣ್ಣು ಪಡೆದವಳು ಮುಂದೆ ಇನ್ನೊಬ್ಬಳಿಗೆ ಕಣ್ಣು ಕೊಡಬಹುದು. ಪಡೆಯದವಳು ಕೊಡುವಂತಿಲ್ಲ.

ಗೊಂಬೆ ಎಂದರೆ ಸಂತೆಯ ಗೊಂಬೆ ಅಲ್ಲ, ಕಿರುಬೆರಳಿಗಿಂತ ಗಿಡ್ಡ. ಚೈತ್ರದಲ್ಲಿ ಗೌರಿಯನ್ನು ಪುಟ್ಟ ತೂಗುಮಣೆಯ ಮೇಲೆ ಕೂಡಿಸಿ, ಮುಂದೆ ಮೆಟ್ಟಿಲು ಕಟ್ಟಿ, ಗೊಂಬೆ ಜೋಡಿಸಿ, ಓಣಿಯ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆಯುವುದು ನಮ್ಮ ಮನೆಗಳ ಪದ್ಧತಿ. ಬಂದವರಿಗೆ ಕೋಸಂಬರಿ, ಮಾವಿನಕಾಯಿ ಪಾನಕ, ಉಡಿಗೆ ನೆನೆಗಡಲೆ. ಆ ಮೆಟ್ಟಿಲಿಗಾಗಿ ಕೆರೆಯ ಮಣ್ಣನ್ನು ಹತ್ತಿಯ ಜೊತೆ ಕಲಸಿ ತಟ್ಟಿ ಗೊಂಬೆ ಮಾಡುತ್ತಿದ್ದೆವು. ಹತ್ತಿ ಇದ್ದರೆ ಒಣಗಿದಾಗ ಬಿರುಕು ಬಿಡುವುದಿಲ್ಲ. ಕಣ್ಣು ಬರೆಯಲು ಅಳಿಲಿನ ಬಾಲದ ನಾಲ್ಕು ಕೂದಲಿನ ಕುಂಚ, ದೀಪದ ಕಾಡಿಗೆಯನ್ನು ಅಗಸೆ ಎಣ್ಣೆಯಲ್ಲಿ ಅರೆದ ಕಪ್ಪು. ಆ ಕಪ್ಪು ಒಣಗಲು ಒಂದು ದಿನವಾದರೂ ಬೇಕು. ಇದರಿಂದ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ, ಬರೀ ಚಟ. ಗಂಡಸರು ಕಚೇರಿಗೋ ಶಾಲೆಗೋ ಹೋಗಿ, ಒಲೆ ಆರಿದ ಮೇಲೆ ನಡೆಯುವ ಚಟ.

ಸಣ್ಣಪುಟ್ಟ ರೀತಿಗಳು ಇನ್ನೂ ಇದ್ದವು. ಇನ್ನೊಬ್ಬರ ಮೆಟ್ಟಿಲ ಮುಂದೆ ಕುಳಿತು ಎಷ್ಟು ಹೊತ್ತಾದರೂ ನೋಡಬಹುದು, ಎತ್ತಬಾರದು. ಯಾವ ಬಣ್ಣಕ್ಕೆ ಯಾವುದು ಕೂಡಿಸಿದಿರಿ ಎಂದು ಕೇಳಬಾರದು. ನೋಡಿ ಮಾಡಿದ್ದನ್ನು ಅದೇ ಚೈತ್ರದಲ್ಲಿ ಇಡಬಾರದು. ಒಮ್ಮೆ ಬೆಟಗೇರಿಯ ಒಬ್ಬಾಕೆ ನಮ್ಮ ಅತ್ತೆಯ ಗೊಂಬೆ ನೋಡಿ ಮಾಡಿ, ಕಣ್ಣು ತಾನೇ ಬರೆದುಕೊಂಡು ಸಾಲಿನಲ್ಲಿ ಇಟ್ಟಳು. ಯಾರೂ ಜಗಳ ತೆಗೆಯಲಿಲ್ಲ. ಎಲ್ಲರೂ ಹೋದರು, ಕುಳಿತರು, ‘ಪಾನಕ ಭಾಳ ಛಲೋ ಆಗೇತಿ’ ಎಂದರು. ಗೊಂಬೆಯ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಮರುವರ್ಷ ಆಕೆ ಆ ಗೊಂಬೆಯ ಕಣ್ಣು ಕೆರೆದು ತೆಗೆದು, ಖಣ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ಅತ್ತೆ ಬರೆದುಕೊಟ್ಟು, ಊಟ ಮಾಡಿಸಿ ಕಳಿಸಿದರು.

ನಮ್ಮ ಅತ್ತೆಯ ಗೊಂಬೆಗಳೆಂದರೆ ಒಂದು ಮದುವೆಯ ದಿಬ್ಬಣ. ಎತ್ತಿನ ಗಾಡಿ, ಮದುಮಕ್ಕಳು, ಸನಾದಿ ಊದುವವ, ಆರತಿ ಹಿಡಿದ ಮುದುಕಿ, ಹೀಗೆ ಮೆಟ್ಟಿಲ ತುಂಬ ಮಂದಿ. ಮಣ್ಣಿನ ಕೆಲಸ ಬೇರೆಯವರದೂ ಚೆನ್ನಾಗಿರುತ್ತಿತ್ತು. ಅತ್ತೆಯ ಹೆಸರಿದ್ದದ್ದು ಕಣ್ಣಿಗೆ. ಸನಾದಿಯವನು ಕೆನ್ನೆ ಉಬ್ಬಿಸಿ ಊದುತ್ತಿದ್ದರೂ ಅವನ ಕಣ್ಣು ಊಟದ ಪಂಕ್ತಿಯ ಕಡೆಗಿತ್ತು. ಆರತಿಯ ಮುದುಕಿ ನೆಟ್ಟಗೆ ನಿಂತು, ಓರೆಗಣ್ಣಿನಿಂದ ಹೊಸ ಸೊಸೆಯನ್ನು ಅಳೆಯುತ್ತಿದ್ದಳು. ಸಾಸಿವೆಯಷ್ಟು ಕಪ್ಪಿನಲ್ಲಿ ಇಷ್ಟೆಲ್ಲ ಹೇಗೆ ಬರುತ್ತಿತ್ತೋ, ಇಂದಿಗೂ ನನಗೆ ಸೋಜಿಗ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಾನು ಲಕ್ಷ್ಮೇಶ್ವರದಿಂದ ಈ ಮನೆಗೆ ಸೊಸೆಯಾಗಿ ಬಂದೆ. ಆಗ ಗದಗು ಮುಂಬಯಿ ಇಲಾಖೆಯಲ್ಲಿತ್ತು, ನಮ್ಮೂರು ಇನ್ನೂ ಸಂಸ್ಥಾನದ ಊರು. ಅತ್ತೆ ನನ್ನನ್ನು ಕರೆಯುತ್ತಿದ್ದದ್ದೇ ‘ಏ ಲಕ್ಷ್ಮೇಶ್ವರದಾಕಿ’ ಎಂದು. ಸಂಸ್ಥಾನ ಕರಗಿದ ಸುದ್ದಿ ಬಂದ ದಿನ ಹಿಟ್ಟು ನಾದುತ್ತಿದ್ದ ನನ್ನ ಹತ್ತಿರ ಬಂದು, “ನಿಮ್ಮ ರಾಜಾನ ರಾಜ್ಯ ಹೋತಂತ. ಇನ್ನ ನಿನ್ನ ಜಂಬನೂ ಸ್ವಲ್ಪ ಇಳೀಲಿ” ಎಂದರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. “ರಾಜ್ಯ ರಾಜಾಂದ್ರಿ, ಜಂಬ ನಂದು” ಎಂದೆ. ಅವರು ನಕ್ಕು ಹೋದರು.

ನನ್ನ ಕೈಯೂ ಕೆಟ್ಟದ್ದೇನಿರಲಿಲ್ಲ. ತವರಿನಲ್ಲಿ ಮಣ್ಣು ಕಲಸಿ ಕಲಿತವಳು. ಆರತಿಯ ಮುದುಕಿಯನ್ನು ನೋಡಿ ನೋಡಿ ಒಂದು ಮಾಡಿದೆ. ಸೆರಗು, ಬಾಗಿದ ಬೆನ್ನು, ಆರತಿಯ ತಟ್ಟೆ, ಎಲ್ಲ ಬಂದವು. ಮನೆಯೊಳಗಿನವಳೇ ಆದರೂ ರೀತಿ ಬಿಡಬಾರದೆಂದು ಖಣ ಕಾಯಿ ಇಟ್ಟುಕೊಂಡು ಅತ್ತೆಯ ಮುಂದೆ ಕುಳಿತೆ. ಅವರು ಗೊಂಬೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ಇದಕ್ಕ ಇಷ್ಟು ಸಿಟ್ಟು ಎಲ್ಲಿಂದ ಬಂತು? ಇದು ನನ್ನ ಮುದುಕಿ ನೋಡಿ ಮಾಡಿದ್ದಲ್ಲ. ನನ್ನ ನೋಡಿ ಮಾಡಿದ್ದು” ಎಂದು ತಿರುಗಿ ಕೊಟ್ಟರು.

ಮರುವರ್ಷ ಇನ್ನೊಂದು ಮಾಡಿದೆ. “ಕೈ ಬಂದೈತಿ, ಪುರುಸೊತ್ತು ಬಂದಿಲ್ಲ” ಎಂದರು. ಅದರ ಮುಂದಿನದಕ್ಕೆ ಬರೀ ತಲೆ ಅಲ್ಲಾಡಿಸಿದರು. ಹೊರಗಿನಿಂದ ಬಂದವರಿಗೆ ಕೇಳಿದ ಕೂಡಲೇ ಕಣ್ಣು, ಮನೆಯ ಸೊಸೆಗೆ ಮಾತ್ರ ಇಲ್ಲ. ನನ್ನ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬಡಿದು ಬಡಿದು ಇಟ್ಟೆ. ಪಡಸಾಲೆಯಿಂದಲೇ ಅತ್ತೆ, “ಪಾತ್ರಿ ಮ್ಯಾಲ ಯಾಕ ಸಿಟ್ಟು? ಅವೇನು ಕಣ್ಣು ಕೇಳಾಕ ಬಂದಿದ್ವೇನು?” ಎಂದರು. ಕಣ್ಣಿಲ್ಲದ ನನ್ನ ಮುದುಕಿಯರನ್ನು ಅರಳೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿ, ಇನ್ನು ಕೇಳುವುದಿಲ್ಲ ಎಂದು ನಿಶ್ಚಯ ಮಾಡಿದೆ.

ಹೀಗೆ ವರ್ಷಗಳು ಹೋದವು. ಕನ್ನಡ ಮಾತಾಡುವ ಊರುಗಳೆಲ್ಲ ಒಂದೇ ರಾಜ್ಯವಾದ ದಿನ ಗದಗಿನಲ್ಲಿ ಅಂಗಡಿ ಸಾಲಿಗೆ ದೀಪ ಹಚ್ಚಿದ್ದರು. ಸಂಜೆ ಅತ್ತೆ ತಾವೇ “ನಡಿ, ದೀಪ ನೋಡಿ ಬರೋಣು” ಎಂದು ನನ್ನ ಕೈ ಹಿಡಿದು ಹೊರಟರು. ದಾರಿಯುದ್ದಕ್ಕೂ ಕೈ ಬಿಡಲಿಲ್ಲ. ಒಂದು ಕಡೆ ನಿಂತು ಮುಖವೆತ್ತಿ, “ಏನ್ ಛಂದ ಹಚ್ಯಾರ” ಎಂದರು. ಅವರು ಮುಖ ಮಾಡಿ ನಿಂತಿದ್ದ ಕಡೆ ಹತ್ತಿ ಗೋದಾಮಿನ ಕತ್ತಲೆ ಗೋಡೆ ಇತ್ತು. ದೀಪಗಳು ನಮ್ಮ ಬೆನ್ನ ಹಿಂದೆ ಇದ್ದವು.

ಆಗ ಒಂದೊಂದೇ ನೆನಪಾಯಿತು. ಅಕ್ಕಿಯ ಹರಳನ್ನು ಬೆರಳಿನಿಂದ ಹುಡುಕುತ್ತಿದ್ದದ್ದು, ಸೂಜಿಗೆ ದಾರ ಪೋಣಿಸಲು ನನ್ನನ್ನೇ ಕರೆಯುತ್ತಿದ್ದದ್ದು, ಈಚೆಗೆ ಬಂದವರಿಗೆಲ್ಲ ‘ಈ ವರ್ಷ ಮನಸ್ಸಿಲ್ಲವಾ, ಮುಂದಿನ ಚೈತ್ರಕ್ಕ ನೋಡೋಣು’ ಎಂದು ಗೊಂಬೆ ತಿರುಗಿ ಕಳಿಸುತ್ತಿದ್ದದ್ದು. ಮನೆಗೆ ಬಂದು ಕೇಳಿದೆ. “ಎರಡು ವರ್ಷದಿಂದ ಮಬ್ಬ ಇತ್ತು. ಈಗ ನಿನ್ನ ಮಾರಿನೂ ಕಾಣಂಗಿಲ್ಲ” ಎಂದರು. ನಾನೂ ಗಂಡನೂ ಅವರನ್ನು ಹುಬ್ಬಳ್ಳಿಗೆ ಕರೆದೊಯ್ದೆವು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಕಣ್ಣಿನ ನರ ಒಣಗಿದ್ದು, ಇನ್ನು ಬರುವುದಿಲ್ಲ ಎಂದರು ಡಾಕ್ಟರು.

ತಿರುಗಿ ಬರುವಾಗ ಅತ್ತೆ ಒಂದೇ ಮಾತು ಹೇಳಿದರು. “ಯಾರ ಮುಂದೂ ಅನಬ್ಯಾಡ. ಕಣ್ಣಿಲ್ಲದಾಕಿ ಕಣ್ಣೇನು ಕೊಡತಾಳ ಅಂತ ಮಂದಿ ನನ್ನ ಮ್ಯಾಲ ಮರಗೋದು ಬ್ಯಾಡ.” ಅವರಿಗೆ ಕುರುಡಿನ ಹೆದರಿಕೆಗಿಂತ ಆ ಮರುಕದ ಹೆದರಿಕೆ ದೊಡ್ಡದಿತ್ತು. ಓಣಿಯಲ್ಲಿ ಅವರು ಯಾರೆಂದರೆ ಕಣ್ಣು ಕೊಡುವಾಕೆ. ಅದೊಂದು ಹೋದರೆ ಮೂಲೆಯಲ್ಲಿ ಕುಳಿತ ಒಬ್ಬ ಮುದುಕಿ, ಅಷ್ಟೇ. ನಾನು ಹೂಂ ಎಂದೆ. ನನ್ನ ಹಳೆಯ ಸಿಟ್ಟು ಎಲ್ಲಿ ಹೋಯಿತೋ, ಅಂದು ಬರೀ ಅಳು ಬರುತ್ತಿತ್ತು.

ಚೈತ್ರ ಬಂತು. ಮೆಟ್ಟಿಲು ನಾನೇ ಕಟ್ಟಿದೆ, ಹಳೆಯ ದಿಬ್ಬಣವನ್ನೇ ಇಟ್ಟೆ. ಅತ್ತೆಯನ್ನು ಗೌರಿಯ ಪಕ್ಕ ಗೋಡೆಗೆ ಒರಗಿಸಿ ಕೂಡಿಸಿ, ಬಾಗಿಲಿಗೆ ಬಂದವರನ್ನೆಲ್ಲ ಅವರಿಗೆ ಕೇಳುವಂತೆ ಗಟ್ಟಿಯಾಗಿ ಮಾತಾಡಿಸುತ್ತ ಒಳಗೆ ಕರೆದೆ. ಧ್ವನಿ ಹಿಡಿದು ಅತ್ತೆ ಒಬ್ಬೊಬ್ಬರನ್ನೂ ಸರಿಯಾಗಿ ವಿಚಾರಿಸುತ್ತಿದ್ದರು. ಯಾರಿಗೂ ಅನುಮಾನ ಬರಲಿಲ್ಲ.

ಪಡಸಾಲೆ ತುಂಬಿದಾಗ ಮುಂಡರಗಿಯಿಂದ ಒಬ್ಬಾಕೆ ಬಂದಳು. ಶಾಲೆಯ ಮಾಸ್ತರರ ಹೆಂಡತಿ, ಹಿಂದೊಮ್ಮೆ ಬೀಗರ ಜೊತೆ ನಮ್ಮ ಮನೆಗೆ ಬಂದು ದಿಬ್ಬಣ ನೋಡಿ ಹೋದವಳು. ಖಣ, ಕಾಯಿ ಮುಂದಿಟ್ಟು ಪುಟ್ಟ ಡಬ್ಬಿ ಬಿಚ್ಚಿದಳು. ಅರಳೆಯೊಳಗೆ ಸನಾದಿಯವನಿದ್ದ. “ಕಾಕೂ, ಒಮ್ಮೆ ನೋಡಿದ್ದ ನೆನಪಿನ ಮ್ಯಾಲ ಮಾಡೀನ್ರಿ. ಕಣ್ಣು ಕೊಡಬೇಕ್ರಿ” ಎಂದಳು. ಗೊಂಬೆ ಎಷ್ಟು ಚೆಂದ ಬಂದಿತ್ತೆಂದರೆ ಸುತ್ತ ಕುಳಿತವರೆಲ್ಲ ಬಾಗಿ ನೋಡಿದರು. ಮನಸ್ಸಿಲ್ಲ ಎಂದು ತಿರುಗಿ ಕಳಿಸುವಂತಿರಲಿಲ್ಲ. ಅಂಥ ಗೊಂಬೆಗೆ ಇಲ್ಲವೆಂದರೆ ಅಷ್ಟು ಜನರ ಮುಂದೆ ಅವಳಿಗೆ ಅವಮಾನ. ಬರೆಯಲು ಹೋದರೆ ಗೊಂಬೆ ಕೆಡುತ್ತದೆ, ಗುಟ್ಟೂ ಹೊರಬೀಳುತ್ತದೆ.

ಅತ್ತೆ ಗೊಂಬೆಯನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. ರುಮಾಲು, ಕಿವಿ, ಉಬ್ಬಿದ ಕೆನ್ನೆ. “ಗಲ್ಲ ನನಗಿಂತ ಛಲೋ ಉಬ್ಬಿಸೀದಿ. ಇಂವಗ ಕೊಡಲೇಬೇಕು” ಎಂದರು. ನಾನು ಅತ್ತಿತ್ತ ನೋಡುತ್ತ, ಏನು ನೆವ ಹೇಳಲಿ ಎಂದು ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಅವರೇ ಹೇಳಿದರು. “ಆದರ ನನಗ ಕಣ್ಣು ಹೋಗ್ಯಾವ, ತಂಗಿ. ಪೂರಾ ಹೋಗ್ಯಾವ. ನನ್ನ ಬದಲಿ ನಮ್ಮ ಲಕ್ಷ್ಮೇಶ್ವರದಾಕಿ ಬರದು ಕೊಡತಾಳ.”

ಎದುರು ಮನೆಯ ಹಿರಿಯಾಕೆ, ಕೆಟ್ಟ ಮನಸ್ಸಿನಿಂದಲ್ಲ, ರೀತಿ ತಪ್ಪಬಾರದೆಂದು, “ವೈನಿ, ಆಕಿಗೆ ನೀವು ಇನ್ನೂ ಕಣ್ಣು ಕೊಟ್ಟೇ ಇಲ್ಲಲ್ರಿ” ಎಂದಳು. “ಹೌದು, ಖರೆ” ಎಂದರು ಅತ್ತೆ. “ಏ ಲಕ್ಷ್ಮೇಶ್ವರದಾಕಿ, ನಿನ್ನ ಮುದುಕಿ ಎಲ್ಲೈತಿ? ತಗೊಂಬಾ. ಕುಂಚನೂ ತಾ.”

ಟ್ರಂಕಿನ ತಳ ಕೆದಕಿ, ಕೈಗೆ ಸಿಕ್ಕ ಮೊದಲ ಗೊಂಬೆ ತಂದೆ. ನನ್ನ ಮೊದಲನೆಯ ಮುದುಕಿಯೇ ಅದು, ಸಿಟ್ಟಿನ ಮುದುಕಿ. ಅತ್ತೆ ಅದರ ಮುಖವನ್ನು ಮುಟ್ಟಿ ನೋಡಿ ಗುರುತು ಹಿಡಿದವರಂತೆ ನಕ್ಕರು. “ಅವಾಗ ಕೊಟ್ಟಿದ್ರ ನೀ ಬರೇ ನನ್ನ ಕಣ್ಣ ಬರಕೋತ ಕುಂಡ್ರತಿದ್ದಿ. ನಿನ್ನ ಕೈ ನಿನಗ ಸಿಗಲಿ ಅಂತ ತಡದೆ. ತಡದದ್ದು ಭಾಳ ಆತು, ತಪ್ಪು ನಂದು” ಎಂದರು. ಹೆಬ್ಬೆರಳ ಉಗುರನ್ನು ಗೊಂಬೆಯ ಹುಬ್ಬಿಗೆ ಆನಿಸಿ ಕುಂಚ ಇಳಿಸಿದರು. ಬಲಗಣ್ಣು ಕರಾರುವಾಕ್ಕಾಗಿ ಕುಳಿತಿತು. ಎಡಗಣ್ಣಿಗೆ ಹೋಗುವಾಗ ಉಗುರು ಸರಿಯಿತು. ಕಣ್ಣು ಕೆನ್ನೆಯ ಮೇಲೆ ಬಿತ್ತು. ಯಾರೂ ನಗಲಿಲ್ಲ, ಯಾರೂ ಅಯ್ಯೋ ಎನ್ನಲಿಲ್ಲ. ಮುಂಡರಗಿಯಾಕೆ ಮಾತ್ರ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಆಮೇಲೆ ಸನಾದಿಯವನಿಗೆ ನಾನು ಬರೆದೆ. ಅವನ ಕಣ್ಣನ್ನು ಊಟದ ಪಂಕ್ತಿಗಲ್ಲ, ಎದುರಿಗೆ ಇಟ್ಟಿದ್ದ ಕೋಸಂಬರಿಯ ತಟ್ಟೆಯ ಕಡೆ ತಿರುಗಿಸಿದೆ. ಎದುರು ಮನೆಯಾಕೆ ಕೈಗೆ ತೆಗೆದುಕೊಂಡು ನೋಡಿ ನಕ್ಕಳು. ಅತ್ತೆ “ಎಲ್ಲಿ ನೋಡಾಕ ಹತ್ಯಾನ?” ಎಂದು ಕೇಳಿದರು. ನಾನು ಹೇಳಿದೆ. “ಹಾಂ, ಅದು ನಿನ್ನ ಕಣ್ಣು” ಎಂದರು. ಮುಂಡರಗಿಯಾಕೆ ನನಗೂ ಅತ್ತೆಗೂ ನಮಸ್ಕಾರ ಮಾಡಿ, “ಯಾರರ ಕೇಳಿದ್ರ ಯಾರ ಕಣ್ಣು ಅಂತ ಹೇಳಲ್ರಿ?” ಎಂದಳು. “ಅತ್ತಿ ಸೊಸಿದು ಅನ್ನು” ಎಂದರು ಅತ್ತೆ.

ಎಲ್ಲರೂ ಹೋದ ಮೇಲೆ ನಾನು ತಟ್ಟೆಗಳನ್ನು ಎತ್ತುತ್ತಿದ್ದಾಗ ಅತ್ತೆ ಕುಳಿತಲ್ಲಿಂದಲೇ ಕೇಳಿದರು. “ಈಗ ಯಾರೂ ಇಲ್ಲ. ಖರೆ ಹೇಳು, ಎಡಗಣ್ಣು ಎಲ್ಲಿ ಬಂತು?”

“ಸ್ವಲ್ಪ ಕೆಳಗ ಬಂದೈತ್ರಿ, ಅತ್ಯಾ.”

“ಸ್ವಲ್ಪ ಅಂದ್ರ ಎಷ್ಟು?”

ಬಾಯಿಂದ ಹೇಳಲು ನನಗೆ ಆಗಲಿಲ್ಲ. ಅವರ ತೋರುಬೆರಳು ಹಿಡಿದು ಗೊಂಬೆಯ ಕೆನ್ನೆಯ ಮೇಲೆ ಇಟ್ಟೆ. ಕಪ್ಪು ಇನ್ನೂ ಹಸಿ ಇತ್ತು. ಬೆರಳು ಎತ್ತಿದಾಗ ಅಲ್ಲಿ ಬರೆದ ಎಡಗಣ್ಣು ಇರಲಿಲ್ಲ, ಕೆನ್ನೆಯ ತುಂಬ ಬೆರಳಿನ ಗುರುತು ಇತ್ತು. “ಅಳಿಸೇತೇನು?” ಎಂದರು. ಹೌದು ಎಂದೆ. ಅವರು ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, “ಹಂಗಾರ ಎಡಗಣ್ಣು ನೀ ಬರಿ. ಇಬ್ಬರೂ ಕೂಡಿ ಕೊಟ್ಟಂಗ ಆಗಲಿ” ಎಂದರು.

ನಾನು ಬರೆಯಲಿಲ್ಲ. ಅವರು ಹೋಗಿ ಎಷ್ಟೋ ವರ್ಷಗಳಾದವು. ಈಗ ಕಣ್ಣು ಕೇಳಲು ನನ್ನ ಮನೆಗೆ ಬರುತ್ತಾರೆ, ಕೇಳಿದವರಿಗೆಲ್ಲ ಬರೆದುಕೊಡುತ್ತೇನೆ, ಯಾರನ್ನೂ ಕಾಯಿಸುವುದಿಲ್ಲ. ಆ ಮುದುಕಿಯನ್ನು ಪ್ರತಿ ಚೈತ್ರದಲ್ಲೂ ಗೌರಿಯ ಪಕ್ಕವೇ ಇಡುತ್ತೇನೆ. ಕುಂಚ ಇಲ್ಲೇ ಇದೆಯಲ್ಲ, ಆ ಕಣ್ಣೊಂದು ಬರೆದುಬಿಡಬಾರದೇ ಎಂದು ಬಂದವರು ಕೇಳುತ್ತಾರೆ. ನಾನು ಪಾನಕ ಕುಡಿಯಿರಿ ಎನ್ನುತ್ತೇನೆ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಆ ಕೆನ್ನೆಯ ಗುರುತಿನ ಮೇಲೆ ನನ್ನ ಬೆರಳು ಇಟ್ಟು ನೋಡುತ್ತೇನೆ. ಅವರ ಬೆರಳು ನನ್ನದಕ್ಕಿಂತ ಸಣ್ಣದಿತ್ತು.