ಕಾಲು ಸುತ್ತು ಬಿಗಿ, ಕಾಲು ಸುತ್ತು ಸಡಿಲ

ಕೌದಿ ಹೊಲಿಯುವವರು ಹುಡುಕಿದರೆ ಬೇಕಾದಷ್ಟು ಮಂದಿ ಸಿಕ್ಕಾರು. ಆದರೆ ಉದ್ದತೋಳಿನ ಹೊಲಿಗೆ ಯಂತ್ರದಲ್ಲಿ ಮೇಲಿನ ದಾರಕ್ಕೂ ಕೆಳಗಿನ ದಾರಕ್ಕೂ ಜಗಳ ಹತ್ತದಂತೆ ನೋಡಿಕೊಂಡು, ಆಳುದ್ದದ ಕೌದಿಯ ಈ ಅಂಚಿನಿಂದ ಆ ಅಂಚಿನವರೆಗೆ ಇಂಚಿಗೆ ಹತ್ತೇ ಹೊಲಿಗೆ ಬೀಳುವಂತೆ ಮೂವತ್ತೊಂದು ವರ್ಷ ದುಡಿದವರನ್ನು ನಾನು ಕಂಡಿರುವುದು ಒಬ್ಬರನ್ನೇ. ನಮ್ಮ ಹೊಲಿಗೆ ಮನೆಯ ಹಿರಿಯರೂ ಎಲ್ಲರ ಬಾಯಲ್ಲಿ ‘ದೊಡ್ಡಮ್ಮ’ ಎಂದೇ ನಿಂತವರೂ ಆದ ಅವರು ಕಳೆದ ತಿಂಗಳ ಕೊನೆಗೆ ನಿವೃತ್ತರಾದರು. ಅವರ ಕೈಚಳಕದ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಅಭಿನಂದನ ಸಮಿತಿಯವರು ಕೇಳಿದಾಗ, ಹತ್ತೊಂಬತ್ತು ವರ್ಷ ಒಂದೇ ಯಂತ್ರದಲ್ಲಿ ಅವರೊಡನೆ ದುಡಿದ ನನಗಲ್ಲದೆ ಇನ್ನಾರಿಗೆ ಗೊತ್ತು ಎಂದು ಜಂಬದಿಂದಲೇ ಒಪ್ಪಿಕೊಂಡೆ. ಈಗ ನೋಡಿದರೆ ನನಗೆ ಏನು ಗೊತ್ತು, ಏನು ಗೊತ್ತಿಲ್ಲ ಎನ್ನುವುದೇ ತಿಳಿಯದಾಗಿದೆ. ಓದುಗರು ಕ್ಷಮಿಸಬೇಕು.

ಕ್ರಮವಾಗಿಯೇ ಹೇಳುತ್ತೇನೆ. ನಾನು ಸೇರಿದಾಗ ಹೊಲಿಗೆಯ ಉದ್ದವನ್ನು ತಾನೇ ನೋಡಿಕೊಳ್ಳುವ ಸಾಧನ ನಮ್ಮ ಯಂತ್ರಕ್ಕೆ ಇರಲಿಲ್ಲ. ಚೌಕಟ್ಟಿಗೆ ಬಿಗಿದ ಕೌದಿ ನಿಂತಲ್ಲೇ ನಿಂತಿರುತ್ತದೆ. ಯಂತ್ರದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಟ್ಟೆಯ ಮೇಲೆ ನಡೆಸಬೇಕು. ಕೈ ಓಡಿದರೆ ಹೊಲಿಗೆ ಉದ್ದ, ಕೈ ತಡವರಿಸಿದರೆ ಗಿಡ್ಡ. “ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ದಾರೇನೇ? ನಿಧಾನ!” ಎಂದು ಅವರು ನನ್ನ ಮೊಣಕೈ ಹಿಡಿದು ನಡೆಸಿದ್ದು ಇನ್ನೂ ನೆನಪಿದೆ. ದಾರದ ಬಿಗಿತಕ್ಕೆ ಅವರ ಪಾಠ ಬೇರೆ: ಮೊದಲು ಕೆಳಗಿನದು, ಆಮೇಲೆ ಮೇಲಿನದು. ಕೆಳಗಿನ ದಾರದ ಉರುಳೆ ಕೂರುವ ಬಾಬಿನ್ ಡಬ್ಬಿಯನ್ನು ಅದರ ದಾರದಿಂದಲೇ ಇಳಿಬಿಟ್ಟು ಕೈ ಕುಲುಕಿದರೆ ಎರಡು ಬೆರಳಷ್ಟು ಜಾರಿ ನಿಲ್ಲಬೇಕು. ಅದು ಸರಿಹೋದ ಮೇಲೆಯೇ ಮೇಲಿನ ದಾರದ ತಿರುಪು ಮುಟ್ಟಬೇಕು, ಅದೂ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮೇಲಿನದು ತೀರಾ ಬಿಗಿಯಾದರೆ ಕೆಳಗಿನ ದಾರ ಮೇಲೆ ಇಣುಕುತ್ತದೆ. ಸಡಿಲವಾದರೆ ಹಿಂಬದಿಯಲ್ಲಿ ಮೇಲಿನ ದಾರ ಕುಣಿಕೆಗಟ್ಟಿ, ಕೆಳಗಿನ ದಾರ ಗೆರೆ ಎಳೆದಂತೆ ಮಲಗಿಬಿಡುತ್ತದೆ.

ನನ್ನ ಎರಡನೆಯ ವರ್ಷದಲ್ಲಿ ಗಿರಾಕಿಯೊಬ್ಬರು, ತೀರಿಹೋದ ಗಂಡನ ಅಂಗಿಗಳನ್ನೆಲ್ಲ ಕತ್ತರಿಸಿ ಜೋಡಿಸಿದ ಕೌದಿಯನ್ನು ಹೊಲಿಯಲು ತಂದರು. ಅರ್ಧ ಹೊಲಿಯುವವರೆಗೂ ನಾನು ಹಿಂಬದಿಯನ್ನು ನೋಡಲೇ ಇಲ್ಲ. ನೋಡಿದಾಗ ಉದ್ದಕ್ಕೂ ಬರೀ ಕುಣಿಕೆ ಕುಣಿಕೆ! ಹೊಲಿಗೆ ಮನೆಯ ಯಜಮಾನರು ಬಂದು ನಿಂತಾಗ ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮನವರು, “ತಿರುಪು ನಾನೇ ಮುಟ್ಟಿದ್ದು, ತಪ್ಪು ನಂದೇ” ಎಂದುಬಿಟ್ಟರು. ಅವರು ಅಂದು ತಿರುಪಿನ ಹತ್ತಿರ ಸುಳಿದೇ ಇರಲಿಲ್ಲ. ಮೂರು ದಿನ ನನ್ನ ಪಕ್ಕದಲ್ಲಿ ಕೂತು ಒಂದೊಂದೇ ಹೊಲಿಗೆ ಬಿಚ್ಚಿದರು. ಎಲ್ಲ ಮುಗಿದ ಮೇಲೆ ಮಾತ್ರ ಅರ್ಧ ಗಂಟೆ ಸರಿಯಾಗಿ ಬೈದರು.

ಆ ಋಣವೇ ನನ್ನ ತಲೆಯಲ್ಲಿತ್ತು ಎಂದು ಕಾಣುತ್ತದೆ. ನಾಲ್ಕು ವರ್ಷಗಳ ಹಿಂದೆ ಅವರ ಹೊಲಿಗೆ ಹಿಂಬದಿಯಲ್ಲಿ ತುಸು ಸಡಿಲವಾಗಿ ಕಂಡಿತು. ಕಣ್ಣು ಮಂಜಾಗಿರಬೇಕು, ಪಾಪ, ಯಜಮಾನರ ಕಿವಿಗೆ ಬೀಳುವುದು ಬೇಡ ಎಂದುಕೊಂಡು, ಸಂಜೆ ಅವರು ಹೊರಟ ಮೇಲೆ ಮೇಲಿನ ತಿರುಪನ್ನು ಕಾಲು ಸುತ್ತು ಬಿಗಿ ಮಾಡಿ ಹೋದೆ. ಮರುದಿನ ನಾನು ಬರುವಷ್ಟರಲ್ಲಿ ಅದು ಮತ್ತೆ ಸಡಿಲ. ಸಂಜೆ ಮತ್ತೆ ಬಿಗಿ ಮಾಡಿದೆ. ಹೀಗೆ ನಾಲ್ಕು ವರ್ಷ ಯಾರ ಮುಂದೆಯೂ ತುಟಿಪಿಟಿಕ್ಕೆನ್ನದೆ ಮಾಡಿದೆ.

ನಿವೃತ್ತಿಗೆ ಎರಡು ದಿನವಿದ್ದಾಗ ಅವರು ನನ್ನನ್ನು ಪಕ್ಕಕ್ಕೆ ಕರೆದರು. ತಿಂಗಳ ಮೊದಲ ದಿನದಿಂದ ಯಂತ್ರ ನನ್ನೊಬ್ಬಳ ಜವಾಬ್ದಾರಿ ಎಂದು ಯಜಮಾನರು ಆಗಷ್ಟೇ ಹೇಳಿ ಹೋಗಿದ್ದರು.

“ಬೇಜಾರು ಮಾಡ್ಕೋಬೇಡ ಕಣೇ. ನಿನ್ನ ಕೈ ಸ್ವಲ್ಪ ಬಿಗಿ. ದಿನಾ ಬೆಳಿಗ್ಗೆ ಬೇಗ ಬಂದು ನಾನು ಕಾಲು ಸುತ್ತು ಸಡಿಲ ಮಾಡ್ತಿದ್ದೆ. ಇನ್ಮೇಲೆ ನೀನೇ ನೋಡ್ಕೋಬೇಕು.”

“ಅಯ್ಯೋ ದೊಡ್ಡಮ್ಮ, ನೀವು ಸಡಿಲ ಬಿಡ್ತೀರಿ ಅಂತ ತಾನೇ ನಾನು ಬಿಗಿ ಮಾಡ್ತಿದ್ದದ್ದು!”

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಯಾರು ಮೊದಲು ಶುರು ಮಾಡಿದ್ದೆಂದು ನೆನಪಿಸಿಕೊಳ್ಳಲು ಹೋದೆವು, ಬಗೆಹರಿಯಲಿಲ್ಲ. ಬಟ್ಟೆ ಕತ್ತರಿಸುವ ಅಣ್ಣ ಎಲ್ಲವನ್ನೂ ಕೇಳಿಸಿಕೊಂಡು, “ಒಳ್ಳೇ ಕಥೆ ಆಯ್ತಲ್ಲ! ಇಬ್ಬರೂ ಹೊಲಿದು ತೋರಿಸಿ ಮತ್ತೆ” ಎಂದ. ಒಂದೊಂದು ತುಂಡು ಹೊಲಿದೆವು, ಅವರದು ಅವರ ಬಿಗಿತಕ್ಕೆ, ನನ್ನದು ನನ್ನದಕ್ಕೆ. ಅಣ್ಣ ಅವುಗಳ ಮೂಲೆಯಲ್ಲಿ ಗುರುತು ಹಾಕಿ, ಮೂಲೆ ಮಡಚಿ, ಅದಲುಬದಲು ಮಾಡಿ ಮುಂದಿಟ್ಟ. ದೊಡ್ಡಮ್ಮನವರು ಒಂದನ್ನು ಎತ್ತಿಕೊಂಡು, “ನೋಡು, ಇದು ನಂದು, ಎಷ್ಟು ಹದವಾಗಿದೆ” ಎಂದರು. ಮೂಲೆ ಬಿಡಿಸಿ ನೋಡಿದರೆ ಅದು ನನ್ನದು. ನಾನು ಹೆಮ್ಮೆಯಿಂದ ಎದೆಗೊತ್ತಿಕೊಂಡದ್ದು ಅವರದು. ಅಣ್ಣ ಬಿದ್ದು ಬಿದ್ದು ನಕ್ಕ. ನಾವೂ ನಕ್ಕೆವು. ಆದರೆ ನನಗೆ ಒಳಗೊಳಗೇ ಭಯವಾಯಿತು: ಯಾವುದು ಸರಿ ಎಂದು ನನಗೇ ತಿಳಿಯದ ಮೇಲೆ, ಜನ ನಂಬಿ ತಂದುಕೊಡುವ ಕೌದಿಯನ್ನು ನಾನೊಬ್ಬಳೇ ಹೇಗೆ ಹೊಲಿಯಲಿ?

ಒಂದನೆಯ ತಾರೀಖು ಬೆಳಿಗ್ಗೆ ಬಂದೆ. ತಿರುಪು ನಾನು ಬಿಟ್ಟಲ್ಲೇ ಇತ್ತು. ಕಾಲು ಸುತ್ತು ಸಡಿಲಿಸಿದೆ, ಮತ್ತೆ ಬಿಗಿ ಮಾಡಿದೆ, ಮತ್ತೆ ಸಡಿಲಿಸಿದೆ. ಚೌಕಟ್ಟಿನಲ್ಲಿ ಗಿರಾಕಿಯ ಕೌದಿ ಕಾಯುತ್ತಿತ್ತು. ಕೊನೆಗೆ ಅಂಚಿನ ಚೂರಿನಲ್ಲಿ ನಾಲ್ಕು ಸಾಲು ಹೊಲಿದು ನೋಡಿ, ನಾಚಿಕೆ ಬಿಟ್ಟು ದೊಡ್ಡಮ್ಮನವರಿಗೆ ಫೋನ್ ಮಾಡಿದೆ.

“ಹಿಂದೆ ತಿರುಗಿಸಿ ನೋಡಿದ್ಯಾ?”

“ನೋಡ್ದೆ ದೊಡ್ಡಮ್ಮ. ಚೆನ್ನಾಗೇ ಇದೆ ಅನ್ಸುತ್ತೆ.”

“ಮತ್ತೆ ಫೋನ್ ಯಾಕೆ ಮಾಡಿದ್ದು?”

ನನಗೆ ಅಳು ಬಂತು. ಅವರೇ, “ನಂಗೂ ಬೆಳಗಾದ್ರೆ ಕೈ ಸುಮ್ನಿರಲ್ಲ ಕಣೇ. ಮನೆ ನಲ್ಲಿಗಳ್ನೆಲ್ಲ ತಿರುಗಿಸಿಟ್ಟು ಸೊಸೆ ಹತ್ರ ಬೈಸ್ಕೊಂಡೆ. ಹೊಲಿ, ಹೊಲಿ, ಗಿರಾಕಿ ಕಾಯ್ತಿರ್ತಾರೆ” ಎಂದರು. ಹೊಲಿದೆ. ಗಿರಾಕಿ ಸಂತೋಷದಿಂದಲೇ ಒಯ್ದರು. ಅದು ಯಾರ ಬಿಗಿತ ಎಂದು ಕೇಳಿದರೆ ನಾನು ಇವತ್ತಿಗೂ ಹೇಳಲಾರೆ.

ದೊಡ್ಡಮ್ಮನವರು ನೂರು ವರ್ಷ ಬಾಳಲಿ. ಕಣ್ಣು, ಕೈ, ಬಾಯಿ ಮೂರೂ ಗಟ್ಟಿಯಾಗಿರಲಿ. ಅವರ ಸೊಸೆಗೆ ದೇವರು ತಾಳ್ಮೆ ಕೊಡಲಿ. ನಮ್ಮ ಹೊಲಿಗೆ ಮನೆಯ ಬಾಗಿಲಿನ ಇನ್ನೊಂದು ಬೀಗದ ಕೈ ಅವರ ಬಳಿಯೇ ಉಳಿದಿದೆ. ಯಜಮಾನರು ಕೇಳಿದರೂ ಅದನ್ನು ಹಿಂತಿರುಗಿಸಬಾರದೆಂದು ಈ ಲೇಖನದ ಮೂಲಕ ಬೇಡಿಕೊಳ್ಳುತ್ತೇನೆ. ದಿನವೂ ಸಂಜೆ ಹೊರಡುವಾಗ ನಾನು ತಿರುಪನ್ನು ಕಾಲು ಸುತ್ತು ಬಿಗಿಯಾಗಿಯೇ ಬಿಟ್ಟು ಹೋಗುತ್ತಿದ್ದೇನೆ.