ಲಲಿತಕ್ಕನ ಕೋಳಿ, ಕಾಡಿನ ಹೆಬ್ಬಾವು

ಆಹಾರ ಸರಪಳಿಯ ಪಾಠ ಮಾಡುವಾಗ ನಾನು ಹೆಬ್ಬಾವಿಗೆ ತುಸು ಹೆಚ್ಚೇ ಮರ್ಯಾದೆ ಕೊಡುತ್ತೇನೆ. ಬಿಸಿಲಿನಿಂದ ಹುಲ್ಲು, ಹುಲ್ಲು ತಿಂದ ಮಿಡತೆ, ಮಿಡತೆ ತಿಂದ ಕೋಳಿ, ಕೊನೆಗೆ ಹೆಬ್ಬಾವು. ಒಂದೊಂದು ಮೆಟ್ಟಿಲಲ್ಲೂ ಹೆಚ್ಚಿನ ಶಕ್ತಿ ಓಡಾಟಕ್ಕೆ, ಉಸಿರಾಟಕ್ಕೆ, ಮೈಬಿಸಿಗೆ ಖರ್ಚಾಗಿ, ಮೇಲಿನವರಿಗೆ ಸುಮಾರು ಹತ್ತರಲ್ಲಿ ಒಂದು ಪಾಲು ದಕ್ಕುತ್ತದೆ. ಕಪ್ಪುಹಲಗೆಯ ಮೇಲೆ ಇದೆಲ್ಲ ಬಹಳ ಸಲೀಸು. ಅಲ್ಲಿನ ಕೋಳಿಗೆ ಯಜಮಾನಿ ಇರುವುದಿಲ್ಲ.

ನಮ್ಮೂರು ಬೋವಿಕಾನದಲ್ಲಿ ಪಕ್ಕದ ಮನೆಯ ಕೋಳಿಗೆ ಇದ್ದಳು, ಲಲಿತಕ್ಕ. ಒಂದು ಭಾನುವಾರ ಬೆಳಿಗ್ಗೆ ಅವಳ ಬೊಬ್ಬೆ ಕೇಳಿ ಓಡಿದೆ. ಗೂಡಿನೊಳಗೆ ಹೆಬ್ಬಾವು ಸುತ್ತಿಕೊಂಡಿತ್ತು. ಕೋಳಿ ನುಂಗಿ ನಡು ಊದಿದ್ದರಿಂದ, ಬಂದ ಸಂದಿಯಲ್ಲಿ ಹೊರಗೆ ಹೋಗಲಾಗದೆ ಸಿಕ್ಕಿಬಿದ್ದಿತ್ತು.

“ಟೀಚರೇ, ನೀವು ಸಯನ್ಸ್ ಅಲ್ವಾ? ಎಂತಾದರೂ ಮಾಡಿ ಹೊರಗೆ ತೆಗೀರಿ.”

“ಹಾವನ್ನಾ?”

“ಹಾವು ಯಾರಿಗೆ ಬೇಕು? ನನ್ನ ಕೋಳಿಯನ್ನು!”

ಮರಿಯಿಂದ ಸಾಕಿದ ಕೋಳಿ ಅದು. ಸಮಾಧಾನ ಹೇಳಲು ಹೋದ ನನ್ನ ಬಾಯಿಂದ ಪಾಠವೇ ಬಂತು: ಅವಳು ಹಾಕಿದ ಅಕ್ಕಿಯಲ್ಲಿ ಸ್ವಲ್ಪವೇ ಕೋಳಿಯಾದದ್ದು, ಕೋಳಿಯಲ್ಲಿ ಸ್ವಲ್ಪವೇ ಹಾವಾಗುವುದು.

“ಅದಕ್ಕೂ ಸರಿಯಾಗಿ ದಕ್ಕುವುದಿಲ್ಲ ಅಂತಾಯ್ತು. ಮತ್ತೆ ನುಂಗಿದ್ದು ಎಂತಕ್ಕೆ ಮಾರಾಯ್ರೆ?” ಎಂದಳು ಲಲಿತಕ್ಕ. ನಾನು ಫೋನ್ ಕೈಗೆತ್ತಿಕೊಂಡೆ.

ಫೋನ್ ಮಾಡಿದ್ದಕ್ಕೆ ಹಾವು ಹಿಡಿಯುವ ಮನೋಜ ಬೈಕಿನಲ್ಲಿ ಬಂದ. ಅವನು ಬಾಲಕ್ಕೆ ಕೈ ಹಾಕುತ್ತಲೇ ಹಾವು ಬೆದರಿ, ಮೈ ಹಿಂಡಿಕೊಂಡು, ಕೋಳಿಯನ್ನು ಹೊರಗೆ ಕಕ್ಕಿತು. ಒದ್ದೆಯಾದ ಗರಿ ಮೈಗಂಟಿ, ಕೋಳಿ ಬದುಕಿದ್ದಾಗಿನದಕ್ಕಿಂತ ಉದ್ದ ಕಾಣುತ್ತಿತ್ತು. ಲಲಿತಕ್ಕ ಬಾಳೆಲೆ ತಂದು ಮುಚ್ಚಿದಳು.

ಮನೋಜ ಹಾವನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದ.

“ಎಲ್ಲಿ ಬಿಡ್ತೀಯಾ ಇದನ್ನು?” ಲಲಿತಕ್ಕ ಕೇಳಿದಳು.

“ಕಾಡಿನಲ್ಲಿ.”

“ಅಲ್ಲಿ ತಿನ್ನಲಿಕ್ಕೆ ಎಂತ ಉಂಟು? ಈಗ ಹೊಟ್ಟೆ ಖಾಲಿ ಅಲ್ವಾ ಅದರದ್ದು?”

ಹೆಬ್ಬಾವು ವಾರಗಟ್ಟಲೆ ಉಪವಾಸ ಇರಬಲ್ಲದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕೋಳಿಯನ್ನು ಬಾಳೆಲೆ ಸಮೇತ ಎತ್ತಿ ತಂದಿದ್ದಳು.

“ಇದನ್ನೂ ತಕೊಂಡು ಹೋಗು.”

“ಕಕ್ಕಿದ್ದನ್ನು ಅದು ತಿನ್ನುವುದು ಸಂಶಯ ಅಕ್ಕಾ.”

“ಅದು ತಿನ್ನದಿದ್ದರೆ ಬೇರೆ ಯಾವುದಾದರೂ ತಿನ್ನಲಿ. ಕಾಡಲ್ವಾ?”

ಮನೋಜ ನನ್ನ ಮುಖ ನೋಡಿದ. ತಕೊಂಡು ಹೋಗು ಎಂಬಂತೆ ನಾನು ತಲೆಯಾಡಿಸಿದೆ. ಹಿಂದಿನ ಸೀಟಿನಲ್ಲಿ ಹಾವು, ಹ್ಯಾಂಡಲಿನಲ್ಲಿ ಬಾಳೆಲೆಯ ಕಟ್ಟು. ನುಂಗಿದ್ದೂ ನುಂಗಿಸಿಕೊಂಡದ್ದೂ ಒಂದೇ ಬೈಕಿನಲ್ಲಿ ಕಾಡಿಗೆ ಹೊರಟವು.